ವಾಮನಣ್ಣನ ಕೈಗುಣ

ಮೆಲ್ಕಾರಿನಲ್ಲಿ ರೇಡಿಯೋ ರಿಪೇರಿ ಮಾಡುವ ವಾಮನಣ್ಣನ ಕೈಗುಣವನ್ನು ಊರೇ ನಂಬಿತ್ತು. ಕೆಲವು ಮಧ್ಯಾಹ್ನ ಹೊರದೇಶದ ಸ್ಟೇಷನ್‌ಗಳೆಲ್ಲ ಒಮ್ಮೆಲೇ ಸತ್ತು, ನಾಲ್ಕೈದು ರೇಡಿಯೋಗಳು ಒಟ್ಟಿಗೇ ಅಂಗಡಿಗೆ ಬರುತ್ತಿದ್ದವು. ಅವನು ಬಿಚ್ಚಿ, ಧೂಳು ಹೊಡೆದು, ಒಂದೆರಡು ಬೆಸುಗೆ ಹಾಕುವಷ್ಟರಲ್ಲಿ ಎಲ್ಲವೂ ಮಾತಾಡುತ್ತಿದ್ದವು. ಅಂಥ ದಿನಗಳಿಗೆ ಅವನು ಹೆಮ್ಮೆಯಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದ.

೧೯೮೨ರಲ್ಲಿ ಕನ್ಯಾನದ ಪರಮೇಶ್ವರಿ ತನ್ನ ಮನೆಯ ರೇಡಿಯೋ ಒಯ್ಯಲು ಬಂದವಳು ಆ ಕ್ಯಾಲೆಂಡರ್ ನೋಡಿ, ಗುರುತುಗಳ ಅರ್ಥ ಕೇಳಿ ನಿಂತುಬಿಟ್ಟಳು. ಅವಳ ಸಂಶೋಧನೆ ಸೂರ್ಯನ ಸ್ಫೋಟಗಳ ಮೇಲೆ. ಚೀಲದಿಂದ ಸ್ಫೋಟಗಳ ದಿನಾಂಕ ಬರೆದಿಟ್ಟ ಪುಸ್ತಕ ತೆಗೆದು ತಾಳೆ ನೋಡಿದಳು.

"ವಾಮನಣ್ಣ, ಈ ದಿನಗಳಲ್ಲೆಲ್ಲ ಸೂರ್ಯನಲ್ಲಿ ಸ್ಫೋಟ ಆದದ್ದುಂಟು. ಆಗ ರೇಡಿಯೋ ಅಲೆಗಳನ್ನು ಆಕಾಶವೇ ನುಂಗ್ತದೆ. ಅರ್ಧ ಗಂಟೆ ಕಳೆದರೆ ತನ್ನಷ್ಟಕ್ಕೇ ಸರಿಯಾಗ್ತದೆ."

"ಹಾಗಾದ್ರೆ ನಾನು ರಿಪೇರಿ ಮಾಡಿದ್ದು ಎಂತದ್ದನ್ನು?"

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿ, ರೇಡಿಯೋ ಎತ್ತಿಕೊಂಡು ಹೊರಟಳು.

ಮರುವಾರ ಮಧ್ಯಾಹ್ನ ಹೋಟೆಲಿನ ನೀಲಾವತಿಯಕ್ಕ ಮಾತು ನಿಂತ ರೇಡಿಯೋ ತಂದರು.

"ಮುಟ್ಟುವುದು ಬೇಡ, ಅರ್ಧ ಗಂಟೆ ಕೂತ್ಕೊಳ್ಳಿ. ಇದು ಸೂರ್ಯನ ಕೆಲಸ," ಎಂದ ವಾಮನಣ್ಣ.

ಒಂದು ಗಂಟೆ ಕಳೆದರೂ ಅದು ತುಟಿಪಿಟಕ್ ಎನ್ನಲಿಲ್ಲ. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ರಸ್ತೆಗಿಳಿದು ಸೂರ್ಯನನ್ನು ನೋಡಿದ. ಒಳಗೆ ಬಂದು ರೇಡಿಯೋ ನೋಡಿದ. ಯಾವುದನ್ನು ಬಿಚ್ಚಬೇಕೆಂದು ತಿಳಿಯಲಿಲ್ಲ.