ಎರಡನೆಯ ನಾವಿಕನ ಸಹಿ

ಹಾಯಿದೋಣಿ ಬಾಡಿಗೆಗೆ ಪಡೆದು ಒಂದು ವಾರ ರಜೆ ಕಳೆಯಲು ಲೋಕದ ಯಾವ ಸಮುದ್ರ ಒಳ್ಳೆಯದು ಎಂದು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂತು. ಕಾರಣ ಇಷ್ಟೇ. ಠಾಣೆಯ ಮಾಜಿವಾಡಾದ ನಮ್ಮ ವಸತಿ ಸೊಸೈಟಿಯಲ್ಲಿ ಇರುವ ಮೂರು ಕನ್ನಡ ಮನೆಗಳಲ್ಲಿ ಉಡುಪಿ ಕಡೆಯವನು ನಾನೊಬ್ಬನೇ. ಉಳಿದಿಬ್ಬರಲ್ಲಿ ಒಬ್ಬರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಇನ್ನೊಬ್ಬರು ವಿಜಯಪುರದವರು, ನವಿ ಮುಂಬಯಿಯ ಘಣಸೋಲಿಯಲ್ಲಿ ನನ್ನದೇ ಆಫೀಸಿನಲ್ಲಿ ಕೆಲಸ. ಇಬ್ಬರೂ ಸಮುದ್ರ ಕಂಡದ್ದು ಕೆಲಸ ಸಿಕ್ಕಿ ಈ ಕಡೆ ಬಂದ ಮೇಲೆ.

"ನಮ್ಮ ಕಡೆ ನೀರು ಅಂದ್ರ ಟ್ಯಾಂಕರ್ ನೋಡ್ರಿ. ನೀವು ಸಮುದ್ರದ ಮಂದಿ, ನೀವ ಹೇಳ್ರಿ," ಎಂದರು ವಿಜಯಪುರದವರು.

ನಾನು ಸಮುದ್ರದ ಮಂದಿಯೇ ಅಲ್ಲ. ಹುಟ್ಟಿ ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ. ಅಪ್ಪ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಹೋಗುತ್ತಿದ್ದ ಊರು ಘಟ್ಟದ ಬುಡದಲ್ಲಿತ್ತು, ಅಲ್ಲಿಂದ ಕಡಲು ನೋಡಬೇಕಾದರೆ ಎರಡು ಬಸ್ಸು ಬದಲಿಸಬೇಕು. ನನಗೆ ಈಜು ಬರುವುದಿಲ್ಲ. ಬರುವುದಿಲ್ಲ ಎನ್ನುವುದೂ ಮರ್ಯಾದೆ ಉಳಿಸಿಕೊಳ್ಳುವ ಮಾತು. ಎಂಟನೆಯ ವಯಸ್ಸಿನಲ್ಲಿ ಗಣಪತಿ ವಿಸರ್ಜನೆ ನೋಡಲು ಕಡಲ ಹಿನ್ನೀರಿನ ಖಾಡಿಗೆ ಹೋಗಿ, ಗುಂಪಿನ ನೂಕಾಟದಲ್ಲಿ ಕೆಸರು ನೀರಿಗೆ ಬಿದ್ದು, ಯಾರೋ ಕಾಲರು ಹಿಡಿದು ಎತ್ತಿದ್ದರು. ಅಂದಿನಿಂದ ನೀರು ಮೊಣಕಾಲು ದಾಟಿದರೆ ನನಗೆ ಉಸಿರು ಸಿಗುವುದಿಲ್ಲ. ಇವತ್ತಿಗೂ ಠಾಣೆ ಬಿಟ್ಟ ಲೋಕಲ್ ಖಾಡಿಯ ಸೇತುವೆ ದಾಟುವಾಗ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ.

ಇದನ್ನು ಹೇಳದೆ ಸುಮ್ಮನಿದ್ದಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಹೇಳಬಾರದ್ದನ್ನು ಹೇಳಿದೆ.

ನನ್ನ ಹೆಂಡತಿ ಕುದ್ರುವಿನವಳು. ನದಿ ಕಡಲು ಸೇರುವಲ್ಲಿನ ನಡುಗಡ್ಡೆಗೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಅವಳು ಚಿಕ್ಕವಳಿದ್ದಾಗ ಅಲ್ಲಿಗೆ ಸೇತುವೆ ಇರಲಿಲ್ಲ. ಶಾಲೆಗೆ ಹೋಗುವ ಮಕ್ಕಳಲ್ಲಿ ಇವಳೇ ದೊಡ್ಡವಳಾದ್ದರಿಂದ ದೋಣಿಯ ಹುಟ್ಟು ಇವಳ ಕೈಯಲ್ಲೇ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ, ಬದಲಾಪುರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ ಅದನ್ನೆಲ್ಲ ಹೇಳುತ್ತಿದ್ದಳು. ಇಳಿತದ ಹೊತ್ತಿಗೆ ದೋಣಿಯನ್ನು ಹೊಳೆ ಕಡಲಿಗೆ ಬೀಳುವ ಅಳಿವೆಯ ಕಡೆ ತಿರುಗಿಸಬಾರದು, ಮರಳು ದಿಬ್ಬ ಇರುವಲ್ಲಿ ನೀರಿನ ಬಣ್ಣ ಬೇರೆಯಾಗುತ್ತದೆ, ದೋಣಿ ವಾಲಿದರೆ ಗಾಬರಿಯಲ್ಲಿ ಎಲ್ಲರೂ ಒಟ್ಟಿಗೆ ಏಳಬಾರದು. ನನಗೆ ಕೇಳಲು ಬಹಳ ಇಷ್ಟವಾಗುತ್ತಿತ್ತು.

ಮಾಜಿವಾಡಾಕ್ಕೆ ಬಂದ ವರ್ಷ ಮೂರು ಮನೆಯವರೂ ನಮ್ಮಲ್ಲಿ ಸೇರಿದ್ದ ಒಂದು ಸಂಜೆ, ಮೈಸೂರಿನವರು ತಮ್ಮ ಬಾಲ್ಯದ ದಸರಾ ಬಗ್ಗೆ ಮುಗಿಯದ ವರ್ಣನೆ ನಡೆಸಿದ್ದರು. ನನಗೂ ಏನಾದರೂ ಹೇಳಬೇಕೆನಿಸಿತು. ಚಾಳಿನ ನಲ್ಲಿಯ ಜಗಳ ಹೇಳಿದರೆ ಯಾರು ಕೇಳುತ್ತಾರೆ? ದೋಣಿಯಲ್ಲಿ ಶಾಲೆಗೆ ಹೋದ ಕಥೆಯನ್ನು ನನ್ನದೇ ಎಂಬಂತೆ ಹೇಳಿಬಿಟ್ಟೆ. ಬಜ್ಜಿಯ ತಟ್ಟೆ ತರುತ್ತಿದ್ದ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ತಟ್ಟೆ ಇಟ್ಟು ಒಳಗೆ ಹೋದಳು. ಅವರೆಲ್ಲ ಹೋದ ಮೇಲೂ ಏನೂ ಅನ್ನಲಿಲ್ಲ. ಬೈದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ಬೈಯಲಿಲ್ಲವಾದ್ದರಿಂದ ಒಪ್ಪಿಗೆ ಇದೆ ಎಂದುಕೊಂಡೆ, ಮುಂದಿನ ಸಲ ಅಳಿವೆಯ ಕಥೆಯನ್ನೂ ಹೇಳಿದೆ. ವರ್ಷ ಕಳೆದಂತೆ ನಾನು ಮೂರು ಮನೆಗಳ ಸಮುದ್ರ ತಜ್ಞನಾದೆ.

ಈ ನಡುವೆ ಮೈಸೂರಿನವರಿಗೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಶನಿವಾರ ಭಾನುವಾರ ಮುಂಬಯಿಗೆ ಹೋಗಿ ಕೋರ್ಸು ಮುಗಿಸಿ ಸರ್ಟಿಫಿಕೇಟನ್ನೂ ತಂದರು. ಮಕ್ಕಳ ಮೇ ರಜೆಯಲ್ಲಿ ಮೂರು ಕುಟುಂಬ ಸೇರಿ ಎಲ್ಲಾದರೂ ಒಂದು ದೋಣಿ ಬಾಡಿಗೆಗೆ ತೆಗೆದುಕೊಳ್ಳೋಣ, ನಡೆಸುವವರನ್ನು ಇಟ್ಟುಕೊಳ್ಳುವುದು ಬೇಡ, ನಾವೇ ನಡೆಸೋಣ ಎಂಬುದು ಅವರ ಕನಸು.

"ನಾನ್ ಓಡುಸ್ತೀನಿ. ಪಕ್ಕದಲ್ಲಿ ನೀವಿರ್ತೀರಲ್ಲ ಸಾರ್, ಇನ್ನೇನ್ ಭಯ?" ಎಂದರು.

ಪ್ರತಿ ಶನಿವಾರ ಅವರ ಮನೆಯ ದೊಡ್ಡ ಟಿವಿಯಲ್ಲಿ ನಕ್ಷೆಗಳು. ಉಳಿದವರು ಬಿಳಿ ಮರಳು, ನೀಲಿ ನೀರು, ಗುಡ್ಡದ ಮೇಲಿನ ಪುಟ್ಟ ಮನೆಗಳನ್ನು ನೋಡಿ ಹಿಗ್ಗುತ್ತಿದ್ದರು. ನಾನು ನಕ್ಷೆಯ ನೀಲಿಯಲ್ಲಿ ಬರೆದಿರುವ ಆಳದ ಅಂಕಿಗಳನ್ನು ಓದುತ್ತಿದ್ದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಒಂದೊಂದು ಸಮುದ್ರಕ್ಕೂ ಒಂದೊಂದು ಕೊಂಕು ತೆಗೆದರೆ ಕಡೆಗೆ ಎಲ್ಲರಿಗೂ ಬೇಸರ ಬಂದು, ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತಿಂದು ಬರುತ್ತೇವೆ. ಥಾಯ್ಲೆಂಡ್ ಅಂದಾಗ ಮೇ ತಿಂಗಳಲ್ಲಿ ಅಲ್ಲಿ ಮಳೆಗಾಳಿ ಶುರುವಾಗುತ್ತದೆ ಎಂದೆ. ಸೇಶೆಲ್ಸ್ ಅಂದಾಗ ದ್ವೀಪಗಳು ದೂರ ದೂರ, ಮಕ್ಕಳು ವಾಂತಿ ಮಾಡಿಕೊಂಡರೆ ತಿರುಗಿ ಬರಲು ದಡವಿಲ್ಲ ಎಂದೆ. ಎಲ್ಲವೂ ಹಿಂದಿನ ದಿನ ಲೋಕಲಿನಲ್ಲಿ ನಿಂತು ಮೊಬೈಲಿನಲ್ಲಿ ಓದಿದ್ದು. ಆದರೆ ನಾನು ಕೊಂಕು ತೆಗೆದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚಿತು.

"ನೋಡು, ಅನುಭವ ಅಂದ್ರೆ ಇದು," ಎಂದು ಮೈಸೂರಿನವರು ತಮ್ಮ ಹೆಂಡತಿಗೆ ಹೇಳುತ್ತಿದ್ದರು. ನನ್ನ ಹೆಂಡತಿ ಸೋಫಾದ ತುದಿಯಲ್ಲಿ ಕೂತು ನಕ್ಷೆಯನ್ನು ನೋಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಡೆಗೆ ಗ್ರೀಸಿನ ಪಶ್ಚಿಮ ದಡದ ದ್ವೀಪಗಳು ಉಳಿದವು. ಮೇ ತಿಂಗಳಲ್ಲಿ ಗಾಳಿ ಮೆತ್ತಗೆ, ದ್ವೀಪಗಳು ಹತ್ತಿರ ಹತ್ತಿರ. ಮೂರು ದಿನ ಹುಡುಕಿದರೂ ನನಗೆ ಒಂದು ಒಳ್ಳೆಯ ಕೊಂಕು ಸಿಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮರುವಾರದ ಸೋಮವಾರ ರಾತ್ರಿ ಮೈಸೂರಿನವರು ಒಂದು ಕಾಗದ ತಂದು ಕೈಗಿತ್ತರು. "ಅಲ್ಲಿ ದೋಣಿ ನಡೆಸೋಕೆ ಗೊತ್ತಿರೋರು ಇನ್ನೊಬ್ರು ಬೇಕಂತೆ ಸಾರ್. ನನಗೇನಾದ್ರೂ ಹೆಚ್ಚುಕಡಿಮೆ ಆದ್ರೆ ದೋಣೀನ ದಡಕ್ಕೆ ತರೋಕೆ. ನಿಮ್ಮ ಹೆಸರು ಹಾಕಿದೀನಿ. ಮುಂದಿನ ಸೋಮವಾರದೊಳಗೆ ಒಂದು ಸಹಿ ಮಾಡ್ಬಿಡಿ."

ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕೇ ಸಾಲುಗಳಿದ್ದವು. ದೋಣಿ ನಡೆಸುವ ಅನುಭವ ನನಗಿದೆ, ಈಜು ಬರುತ್ತದೆ, ಅಗತ್ಯ ಬಿದ್ದರೆ ಜವಾಬ್ದಾರಿ ನನ್ನದು. ಕೆಳಗೆ ಸಹಿಗೆ ಜಾಗ. ಬ್ಯಾಗಿನಲ್ಲಿ ಇಟ್ಟುಕೊಂಡು ನಾಲ್ಕು ದಿನ ಘಣಸೋಲಿಗೆ ಹೋಗಿ ಬಂದೆ. ಊಟ ಸೇರುತ್ತಿರಲಿಲ್ಲ. ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಿದ್ದರೆ ನನ್ನ ಕಣ್ಣ ಮುಂದೆ ಬೇರೆಯೇ ಚಿತ್ರ. ನಡು ಸಮುದ್ರ. ಮೈಸೂರಿನವರು ಎದೆ ಹಿಡಿದುಕೊಂಡು ಕುಸಿದಿದ್ದಾರೆ. ಹಾಯಿ ಒಂದೇ ಸಮ ಬಡಿದುಕೊಳ್ಳುತ್ತಿದೆ. ನನ್ನ ಮಗಳು, ಅವರ ಇಬ್ಬರು, ವಿಜಯಪುರದವರ ಸಣ್ಣವಳು, ನಾಲ್ಕೂ ಮಕ್ಕಳು ನನ್ನ ಮುಖ ನೋಡುತ್ತಿದ್ದಾರೆ. ನನ್ನ ಕೈಯಲ್ಲಿ ಯಾವುದೋ ಒಂದು ಹಗ್ಗ. ಅದನ್ನು ಎಳೆಯಬೇಕೋ ಬಿಡಬೇಕೋ ಗೊತ್ತಿಲ್ಲ. ಸಹಿ ಮಾಡಿದರೆ ಮಕ್ಕಳ ಜೀವಕ್ಕೆ ಸಂಚಕಾರ, ಮಾಡದಿದ್ದರೆ ಇಷ್ಟು ವರ್ಷದ ಮಾನ ಹೋಗುತ್ತದೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಬಹುದು. ನಾನು ಮಾತ್ರ ನಾಲ್ಕು ದಿನ ಯೋಚಿಸಿದೆ. ಅದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಈಜುಕೊಳದಲ್ಲಿ ಮಕ್ಕಳಿಗೆ ತರಗತಿ ನಡೆದಿತ್ತು. ನಾವು ಮೂವರು ಪಕ್ಕದ ಕುರ್ಚಿಗಳಲ್ಲಿ ಕೂತಿದ್ದೆವು, ಹೆಂಗಸರು ಟವೆಲುಗಳನ್ನು ಹಿಡಿದು ಬೆಂಚಿನ ಮೇಲೆ. ನಾನು ಕಾಗದವನ್ನು ಮೈಸೂರಿನವರ ಕೈಗೆ ಹಿಂದಿರುಗಿಸಿ ಹೇಳಿಯೇಬಿಟ್ಟೆ. "ನಂಗೆ ಈಜು ಬರೂದಿಲ್ಲ. ದೋಣಿ ಹತ್ತಿದ್ದೂ ಇಲ್ಲ. ಈ ಕಾಗದಕ್ಕೆ ಸಹಿ ಮಾಡ್ಲಿಕ್ಕೆ ಆಗೂದಿಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ತುಂಬಿದ ಕೊಡದಂಥ ಮಂದಿ ಹಿಂಗ ನೋಡ್ರಿ, ಏನೂ ಬರೂದಿಲ್ಲ ಅಂತಾರ," ಎಂದರು ವಿಜಯಪುರದವರು.

"ಒಂದ್ ಸಹಿಗೆ ಇಷ್ಟ್ ಸಂಕೋಚಾನಾ ಸಾರ್? ಪೆನ್ ಬೇಕಾ?" ಎಂದರು ಮೈಸೂರಿನವರು.

ಎರಡು ಸಲ ಹೇಳಿದೆ, ಮೂರು ಸಲ ಹೇಳಿದೆ. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದವರು ನಿಜವನ್ನು ನಂಬಲು ತಯಾರಿಲ್ಲ. ನನಗೆ ನೆತ್ತಿಗೇರುವಷ್ಟು ಸಿಟ್ಟು ಬಂತು. ಮೊಬೈಲನ್ನು ಕುರ್ಚಿಯ ಮೇಲೆ ಬಿಸಾಕಿ, ಚಪ್ಪಲಿ ಬಿಟ್ಟು, ಹಾಕಿಕೊಂಡಿದ್ದ ಚಡ್ಡಿ ಟೀಶರ್ಟಿನಲ್ಲೇ ಸ್ಟೀಲ್ ಏಣಿ ಹಿಡಿದು ನೀರಿಗೆ ಇಳಿದೆ.

"ಸಾಬ್, ಕಾಸ್ಟ್ಯೂಮ್ ಕೇ ಬಿನಾ ಅಲೌಡ್ ನಹೀ ಹೈ," ಎಂದು ವಾಚ್‌ಮನ್ ಈಜುಡುಗೆ ಇಲ್ಲದ್ದಕ್ಕೆ ಸೀಟಿ ಊದಿದ.

ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಾಲಿನ ಕೆಳಗೆ ನೆಲ ಇದೆ ಎಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಏಣಿಯನ್ನು ಎರಡೂ ಕೈಗಳಿಂದ ಅಪ್ಪಿಕೊಂಡೆ. ಏಪ್ರಿಲಿನ ಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಕೈ ಬಿಟ್ಟು ಒಂದು ಹೆಜ್ಜೆ ಇಡಿ ಸಾರ್ ಎಂದು ಮೇಲಿನಿಂದ ಮೈಸೂರಿನವರು ಕೂಗಿದರು. ಆಗಲಿಲ್ಲ. ಮೇಲೆ ಹತ್ತಲೂ ಆಗಲಿಲ್ಲ. ಕೊಳದ ಆ ತುದಿಯಿಂದ ನನ್ನ ಹನ್ನೊಂದು ವರ್ಷದ ಮಗಳು ಈಜಿಕೊಂಡು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಪಪ್ಪಾ, ಡರೋ ಮತ್. ಇಧರ್ ಪೈರ್ ಲಗ್ತಾ ಹೈ," ಎಂದಳು. ಹೆದರಬೇಡ, ಇಲ್ಲಿ ಕಾಲು ನೆಲಕ್ಕೆ ತಾಗುತ್ತದೆ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಗು ನಿಂತಿತ್ತು. ಮೈಸೂರಿನವರು ನನ್ನನ್ನು ನೋಡಲಿಲ್ಲ. ನೀರಿನಲ್ಲಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. "ನಾನು ನಿಮ್ಮನ್ನ ನಂಬ್ಕೊಂಡು ಇವರನ್ನ ಹತ್ತಿಸ್ತಿದ್ದೆ," ಎಂದರು. ಈ ಸಲ ಮಾತಿನಲ್ಲಿ ಸಾರ್ ಇರಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕೇಳಿದರು. "ಹಂಗಾದ್ರೆ ಆ ಕುದ್ರು, ಅಳಿವೆ, ಮರಳು ದಿಬ್ಬ, ಅದೆಲ್ಲ?"

"ಅದೆಲ್ಲ ಅವಳದ್ದು," ಎಂದು ಬೆಂಚಿನ ಕಡೆ ತಲೆಯಾಡಿಸಿದೆ. ಕೈ ತೋರಿಸಲು ಏಣಿ ಬಿಡಬೇಕಿತ್ತು.

ಎಲ್ಲರೂ ಅವಳತ್ತ ತಿರುಗಿದರು. ನನ್ನ ಹೆಂಡತಿ ಟವೆಲನ್ನು ಮಡಿಲಿನಲ್ಲಿ ಸರಿಮಾಡಿಕೊಂಡಳು. ಮೈಸೂರಿನವರು ಎದ್ದು ಅವಳ ಹತ್ತಿರ ಹೋದರು. "ಮೇಡಂ, ಹಾಗಿದ್ರೆ ನೀವೇ ಸಹಿ ಮಾಡ್ಬಹುದಲ್ಲ?"

"ನಾನು ನಡೆಸಿದ್ದು ಹೊಳೆಯಲ್ಲಿ ಹುಟ್ಟು ಹಾಕುವ ದೋಣಿ. ಹಾಯಿ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕೂದಿಲ್ಲ," ಎಂದಳು. "ಅಲ್ಲಿಯವರನ್ನೇ ಒಬ್ಬರನ್ನು ನಡೆಸ್ಲಿಕ್ಕೆ ಇಟ್ಕೊಳ್ಳಿ. ನೀವು ಅವರ ಕೈ ಕೆಳಗೆ ಕಲೀರಿ. ಹಾಗಾದ್ರೆ ಮಾತ್ರ ನನ್ನ ಮಗಳು ಹತ್ತೂದು."

ಎರಡು ತಿಂಗಳು ನಾನು ಹೆಣಗಿದ ವಿಷಯ ಅಷ್ಟರಲ್ಲಿ ಮುಗಿಯಿತು. ಮೈಸೂರಿನವರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಹೂಂ ಅಂದರು. ವಿಜಯಪುರದವರ ಹೆಂಡತಿ ಮಾತ್ರ ಅವಳ ಪಕ್ಕಕ್ಕೆ ಜರುಗಿ, "ಅಕ್ಕಾ, ನಿಮಗ ಎಲ್ಲಿ ಹೋಗಬೇಕಂತ ಆಸೆ ಐತ್ರಿ?" ಎಂದು ಕೇಳಿದರು. ಹೆಂಡತಿ ಅವರ ಮೊಬೈಲಿನಲ್ಲಿ ನಕ್ಷೆ ತೆಗೆಸಿ ಬಹಳ ಹೊತ್ತು ನೋಡಿದಳು. ಆ ಗ್ರೀಸಿನ ದ್ವೀಪಗಳೇ ಆಗಬಹುದು, ಆದರೆ ದಿನಾ ಸಂಜೆ ದೋಣಿ ಕಟ್ಟಿ ಮಕ್ಕಳು ಕಾಲಾಡಿಸಲು ಒಂದು ಊರು ಇರಬೇಕು ಎಂದಳು. ಬೆರಳಿನಿಂದ ಏಳು ಊರುಗಳನ್ನು ಗುರುತಿಸಿದಳು. ಅಷ್ಟರಲ್ಲಿ ವಾಚ್‌ಮನ್ನೂ ಮಗಳೂ ಸೇರಿ ನನ್ನನ್ನು ಮೇಲೆಳೆದಿದ್ದರು.

ಮನೆಗೆ ಬಂದ ಮೇಲೆ ಅವಳು ಬಾಲ್ಕನಿಯಲ್ಲಿ ನನ್ನ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ? ಅವರ ಮುಂದೆ ಒಂದು ಮಾತು ಹೇಳಬಹುದಿತ್ತಲ್ಲ?"

"ನೀವು ಹೇಳಿದ್ರೆ ಎಲ್ಲರೂ ಕೂತು ಕೇಳ್ತಿದ್ರು. ನಾನು ಬಾಯಿ ತೆಗೆದ್ರೆ ಸ್ವಲ್ಪ ಚಾ ಮಾಡ್ತೀರಾ ಅಂತಿದ್ರು." ಟೀಶರ್ಟನ್ನು ಕೊಡವಿ ತಂತಿಗೆ ಹಾಕಿದಳು. "ನೀವೂ ಹಾಗೇ ಅಂತಿದ್ರಿ."

ನಾಚಿಕೆಯಿಂದ ನನ್ನ ಮುಖ ಸುಟ್ಟ ಹಾಗಾಯಿತು. ಕೊಳದ ಸುತ್ತ ನಿಂತು ಸೊಸೈಟಿಯೇ ನೋಡಿದಾಗಲೂ ಹೀಗಾಗಿರಲಿಲ್ಲ. "ಇನ್ನು ಮೇಲೆ ನೀನೇ ಹೇಳು," ಎಂದೆ. "ನಾನು ಬಾಯಿ ಬಿಡೂದಿಲ್ಲ, ಕೂತು ಕೇಳ್ತೇನೆ."

ಅವಳು ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿದಳು.

"ಎಂತ ಹೇಳೂದು ಇನ್ನು?" ಎಂದಳು. "ಎಲ್ಲ ನೀವೇ ಹೇಳಿ ಮುಗಿಸಿದ್ದೀರಲ್ಲ. ಈಗ ನಾನು ಹೇಳಿದ್ರೆ ನಿಮ್ಮ ಕಥೆ ಹೇಳಿದ ಹಾಗೆ ಆಗ್ತದೆ."