ಕೆರೆಯ ದಂಡೆಯಲ್ಲಿ ಕರೆದದ್ದು ಯಾರನ್ನು

ಈ ಊರಿನಲ್ಲಿ ಕೆರೆಯ ನೀರನ್ನು ಯಾರೂ ಕುಡಿಯುವುದಿಲ್ಲ. ಬಾಗಲಕೋಟೆಯ ಕಡೆಯ ನೀವು ಇದನ್ನು ನಂಬಲಿಕ್ಕಿಲ್ಲ. ಬಂದ ಹೊಸದರಲ್ಲಿ ನಾನೂ ನಂಬಲಿಲ್ಲ. ನಮ್ಮಲ್ಲಿ ಕುಡಿಯುವ ಕೆರೆಗೆ ಯಾರಾದರೂ ಚಪ್ಪಲಿ ಮೆಟ್ಟಿ ಇಳಿದರೆ ಅವನ ಮೂರು ತಲೆಮಾರು ಜಾಲಾಡುತ್ತೇವೆ. ಶಿರಸಿಯಲ್ಲಿ ಮನೆಗೊಂದು ಬಾವಿ, ಬಾವಿಗೆ ನಾಲ್ಕು ಮೊಳ ಹಗ್ಗವಿದ್ದರೆ ಸಾಕು. ಕೆರೆ ತನ್ನ ಪಾಡಿಗೆ ತಾನು ಕಾಡಿನ ಬದಿಯಲ್ಲಿ ಬಿದ್ದಿರುತ್ತದೆ. ಅಲ್ಲಿ ಕೊಡ ಹೊತ್ತವರಿಲ್ಲ, ಪಾಳಿಯ ಜಗಳವಿಲ್ಲ, ಊರ ಸುದ್ದಿಯೂ ಸಿಗುವುದಿಲ್ಲ.

ನಮ್ಮ ಯಜಮಾನರಿಗೆ ಇಲ್ಲಿಗೆ ಕಾರಕೂನರೆಂದು ವರ್ಗವಾಗಿ ಒಂದೂವರೆ ವರ್ಷವಾಯಿತು. ಹುಬ್ಬಳ್ಳಿಯ ತನಕ ರೈಲು, ಅಲ್ಲಿಂದ ಮೋಟಾರು. ದಾರಿಯುದ್ದಕ್ಕೂ ನಾನು ವಾಂತಿ ಮಾಡಿಕೊಂಡೇ ಬಂದೆ. ಬಾಡಿಗೆ ಮನೆಯೇನೋ ಬೇಗ ಸಿಕ್ಕಿತು. ಕಷ್ಟವಾದದ್ದು ಮಾತು. ಮಾತೂ ಕನ್ನಡವೇ, ಅದೇ ಫಜೀತಿ! ಪಕ್ಕದ ಮನೆಯವರಿಗೆ ಒಂದು ದಿನ ಎಣ್ಣೆಗಾಯಿ ಕೊಟ್ಟು, ಹೇಗಿದೆ ಎಂದು ಕೇಳಿದೆ. "ಅಡ್ಡಿಲ್ಲೆ" ಅಂದರು. ಅಷ್ಟು ಎಣ್ಣೆ, ಅಷ್ಟು ಮಸಾಲೆ ಹಾಕಿ ಮಾಡಿದ್ದಕ್ಕೆ ಬರೀ 'ಅಡ್ಡಿ ಇಲ್ಲ'ವೇ ಎಂದು ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದೆ. ಇಲ್ಲಿಯ ಜನ ಅದಕ್ಕಿಂತ ದೊಡ್ಡ ಹೊಗಳಿಕೆ ಬಾಯಿಬಿಟ್ಟು ಹೇಳುವುದಿಲ್ಲವೆಂದು ಆಮೇಲೆ ಗೊತ್ತಾಯಿತು.

ನನ್ನ ಆರು ವರ್ಷದ ಮಗಳು ನೀಲಾಗೆ ಈ ತೊಂದರೆಯೇ ಬರಲಿಲ್ಲ. ಓಣಿಯ ಮಕ್ಕಳ ಜೊತೆ ಆಡಿ ಆಡಿ 'ನಾನು' ಹೋಗಿ 'ಆನು' ಆಯಿತು, 'ಇಲ್ಲ' ಹೋಗಿ 'ಇಲ್ಲೆ' ಆಯಿತು. ಕೊನೆಗೆ ನನ್ನನ್ನೂ 'ಆಯಿ' ಎನ್ನತೊಡಗಿದಳು. ಇಲ್ಲಿ ಹೆತ್ತ ತಾಯಿಗೆ ಆಯಿ ಅನ್ನುತ್ತಾರೆ. ನಮ್ಮಲ್ಲಿ ಆಯಿ ಎಂದರೆ ಅಜ್ಜಿಯಲ್ಲವೇ? ಇಪ್ಪತ್ತೇಳಕ್ಕೇ ನನ್ನನ್ನು ಮುದುಕಿ ಮಾಡಿಬಿಟ್ಟೆಯಲ್ಲೇ ಎಂದು ಗದರಿಸಿ, ಅವ್ವಾ ಅನ್ನು ಎಂದು ಕಲಿಸಿದೆ. ಎದುರಿಗೆ ಅವ್ವಾ ಅನ್ನುತ್ತಿದ್ದಳು. ಓಣಿಯಲ್ಲಿ ಆಡುವಾಗ ಮರೆಯುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ನೀಲಾಗೆ ಚಳಿಜ್ವರ ಬಂದು ಹದಿನೈದು ದಿನ ಕಾಡಿತು. ಕ್ವಿನೈನ್ ಗುಳಿಗೆಯಿಂದ ಗುಣವಾಯಿತು. ಕಾಗದ ಮುಟ್ಟಿದ್ದೇ ತಡ, ಊರಿಂದ ಅತ್ತೆಯವರು, ನಮ್ಮ ಕಡೆಯ ಲೆಕ್ಕದಲ್ಲಿ ನೀಲಾಳ ಆಯಿ, ಹೊರಟು ಬಂದರು.

"ಈ ಥಂಡಿ ಊರಾಗ ಕೂಸು ಉಳಿಯೂದಿಲ್ಲವಾ. ಸಂಕ್ರಾಂತಿ ಮುಗಿಸಿ ನಾ ಕರಕೊಂಡು ಹೋಗತೀನಿ. ಅಲ್ಲೇ ಸಾಲಿಗೆ ಹಾಕತೀನಿ" ಅಂದರು.

ಯಜಮಾನರು ತಾಯಿಯ ಮಾತಿಗೆ ಎದುರಾಡುವವರಲ್ಲ. "ಎರಡು ವರ್ಷದ ಮಾತು. ಅವ್ವ ಅಂದಂಗ ಆಗಲಿ ಬಿಡು" ಅಂದುಬಿಟ್ಟರು. ಕಳಿಸಲು ನನಗೆ ಮನಸ್ಸಿರಲಿಲ್ಲ. ಜ್ವರದ ನೆನಪು ನನ್ನ ಬಾಯನ್ನೂ ಕಟ್ಟಿತ್ತು. ಇಲ್ಲೇ ಇಟ್ಟುಕೊಂಡು ಮಗು ಮತ್ತೆ ಜ್ವರ ಬಂದು ಮಲಗಿದರೆ ಯಾರಿಗೆ ಉತ್ತರ ಕೊಡಲಿ?

ನಮ್ಮಲ್ಲಿ ಸಂಕ್ರಾಂತಿಯ ದಿನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುತ್ತೇವಲ್ಲ, ಹಾಗೆ ಇಲ್ಲಿಯೂ ಹೋಗೋಣವೆಂದು ಬಾಡಿಗೆಯ ಗಾಡಿ ಮಾಡಿ ಯಲ್ಲಾಪುರದ ದಾರಿಯ ಒಂದು ಕೆರೆಗೆ ಹೊರಟೆವು. ಹಾವೇರಿಯಿಂದ ತರಿಸಿದ ಸಜ್ಜೆಯ ಹಿಟ್ಟಿನಲ್ಲಿ ಅತ್ತೆಯವರೇ ಎಳ್ಳು ಹಚ್ಚಿ ರೊಟ್ಟಿ ಬಡಿದಿದ್ದರು. ಗಾಡಿ ಇಳಿದವರು ಸುತ್ತ ನೋಡಿ, "ಇದೆಂಥಾ ಕೆರಿ! ಹಬ್ಬದ ದಿನ ಒಂದು ನರಪಿಳ್ಳಿ ಇಲ್ಲಲ್ಲ!" ಅಂದರು. ಆದರೂ ಚಪ್ಪಲಿ ದೂರ ಬಿಟ್ಟು ಹೋಗಿ ನೀರಿಗೆ ಅರಿಷಿಣ ಕುಂಕುಮ ಏರಿಸಿದರು. "ಪರಊರಾಕಿ ಅಂತ ಸಿಟ್ಟಾಗಬ್ಯಾಡ ನಮ್ಮವ್ವ" ಎಂದು ಕೈಮುಗಿದರು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ನಾನು ಬುತ್ತಿ ಬಿಚ್ಚುತ್ತಿದ್ದೆ. ನೀಲಾ ತಾವರೆ ಕೀಳಲು ಹೋಗಿ ದಂಡೆಯ ಕೆಸರಿನಲ್ಲಿ ಮೊಣಕಾಲ ತನಕ ಹೂತುಬಿಟ್ಟಳು. "ಆಯೀ!" ಎಂದು ಚೀರಿದಳು. ನಾನು ಏಳುವಷ್ಟರಲ್ಲಿ ಅತ್ತೆಯವರು ಸೀರೆ ಎತ್ತಿಕೊಂಡು ಕೆಸರಿಗೆ ಇಳಿದಾಗಿತ್ತು. ಅರವತ್ತು ದಾಟಿದ ಹೆಂಗಸು! ಮಗುವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಬಂದರು.

"ಕೇಳಿದೇನಪಾ? ಅಂಜಿದಾಗ ಬಾಯಾಗ ಬಂದಾಕಿ ನಾನ" ಎಂದು ಮಗನಿಗೆ ಹೇಳಿದರು. "ಇನ್ನ ಯಾರೂ ಏನೂ ಅನಬ್ಯಾಡ್ರಿ. ನಾಡದು ಇಬ್ಬರೂ ಹೊಂಡತೀವಿ."

ಯಜಮಾನರು ತಲೆಯಾಡಿಸಿದರು. ಸೊಪ್ಪಿನ ಹೊರೆ ಹೊತ್ತು ಏರಿಯ ಮೇಲೆ ಹೋಗುತ್ತಿದ್ದ ಹೆಂಗಸೊಬ್ಬಳು ಚೀರಾಟ ಕೇಳಿ ಇಳಿದು ಬಂದಳು. ಹೊರೆ ಇಳಿಸಿ ನೀಲಾಳ ಗಲ್ಲ ಮುಟ್ಟಿ, "ಹೆದರಡ ಕೂಸೇ. ನಿನ್ನ ಆಯಿ ಎಲ್ಲಿದ್ದು?" ಎಂದು ಕೇಳಿದಳು.

ನೀಲಾ ಅಜ್ಜಿಯ ಕಂಕುಳಲ್ಲಿ ಕುಳಿತೇ ನನ್ನ ಕಡೆಗೆ ಬೆರಳು ತೋರಿಸಿದಳು.

"ಹುಚ್ಚಿ, ಆಯಿ ನಾನಲ್ಲೇನ?" ಎಂದು ಅತ್ತೆಯವರು ನಕ್ಕರು. ಮಗು ಬೆರಳು ಇಳಿಸಲಿಲ್ಲ.

ಹೇಳದೆ ಬಿಟ್ಟರೆ ಮಗಳು ಹೋಗುತ್ತಾಳೆ. ಹೇಳಿದರೆ ಮುದುಕಿಯ ಜೀವ ನೋಯುತ್ತದೆ. ನಾನು ಹೇಳಿದೆ. "ಅತ್ತೀ, ಈ ಊರಾಗ ಆಯಿ ಅಂದ್ರ ಅವ್ವರೀ. ಆಕಿ ಕರದದ್ದು ನನ್ನ."

ಅತ್ತೆಯವರು ನೀಲಾಳನ್ನು ಮೆಲ್ಲಗೆ ಕೆಳಗಿಳಿಸಿದರು. ಸೆರಗಿನಿಂದ ಅವಳ ಕಾಲಿನ ಕೆಸರು ಒರೆಸಿದರು. ತಮ್ಮ ಕಾಲಿನದು ಹಾಗೇ ಇತ್ತು.

"ಹಂಗಾದ್ರ ನಾ ಓಡಿ ಬಂದದ್ದು ಪುಕ್ಕಟ ಆತು" ಅಂದರು.

ಆ ಹೆಂಗಸಿಗೆ ಏನು ಅರ್ಥವಾಯಿತೋ, ಹೊರೆ ಎತ್ತಿಕೊಂಡು ಹೊರಟುಹೋದಳು. ಊಟಕ್ಕೆ ಕುಳಿತಾಗ ಅತ್ತೆಯವರು ಮೊದಲ ರೊಟ್ಟಿಯನ್ನು ನನ್ನ ಕೈಗಿಟ್ಟು, "ಇಲ್ಲೇ ಇರ್ಲಿ ಬಿಡು. ಗುಳಗಿ ಮಾತ್ರ ತಪ್ಪಸಬ್ಯಾಡ" ಅಂದರು. ಅಷ್ಟೇ.

ಮೂರನೆಯ ದಿನ ಮೋಟಾರು ಹತ್ತುವಾಗ ಮೊಮ್ಮಗಳ ತಲೆ ನೇವರಿಸಿ, "ನಮ್ಮ ಕಡೆ ಬಂದಾಗರ ಇಕೀಗೆ ಅವ್ವಾ ಅನ್ನವಾ. ಇಲ್ಲಾಂದ್ರ ನೀ ಒದರಿದಾಗೊಮ್ಮೆ ನಾನ ಎದ್ದು ಬರತೀನಿ" ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಮಗಳು ನನಗೇ ಉಳಿದಳು. ಖುಷಿಯಾಗಲಿಲ್ಲವೆಂದು ಸುಳ್ಳು ಯಾಕೆ ಹೇಳಲಿ? ಈಗ ನಾನು ಅವಳನ್ನು ತಿದ್ದುವುದಿಲ್ಲ. ಅವಳು ಆಯೀ ಎಂದು ಕೂಗಿದರೆ ಓ ಅನ್ನುತ್ತೇನೆ. ಓ ಅಂದವಳೇ ಒಂದು ಗಳಿಗೆ ತಡೆದು, ಅತ್ತೆಯವರು ಎದ್ದು ಬಂದರೇನೋ ಎಂದು ಬಾಗಿಲ ಕಡೆ ನೋಡುತ್ತೇನೆ.