ಕೆಂಪಿನ ದಿನ ಗೆದ್ದ ಬಿಳಿ ಬನಿಯನ್ನು

ಗೆದ್ದರು! ನನ್ನ ಮೊಮ್ಮಗನ ಕಾಲೇಜಿನವರು ಬಾಸ್ಕೆಟ್ ಬಾಲಿನ ಕಪ್ ಗೆದ್ದರು. ಕೊನೆಯ ಚೆಂಡನ್ನು ಬುಟ್ಟಿಗೆ ಹಾಕಿದವನು ನನ್ನ ಮೊಮ್ಮಗನೇ. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ, ಮೀನಿನವಳ ಬುಟ್ಟಿ ಇಳಿಸಿ ನಿಲ್ಲಿಸಿಕೊಂಡು ಹೇಳಿದ್ದೇನೆ. ಈಗ ಬರೆದೂ ಇಡುತ್ತೇನೆ. ನಾನು ಕಲಿತದ್ದು ಎರಡನೆಯ ಕ್ಲಾಸಿನ ತನಕ. ಅಕ್ಷರ ಸೊಟ್ಟಗಾದರೆ ಆಗಲಿ. ನಮ್ಮನ್ನು ನೋಡಿ ನಕ್ಕವರ ಮುಖ ಆ ಸಂಜೆ ಇದಕ್ಕಿಂತ ಸೊಟ್ಟಗಿತ್ತು.

ನಕ್ಕವರಲ್ಲಿ ಮೊದಲನೆಯವನು ನನ್ನ ಸ್ವಂತ ಮಗ. ನಮ್ಮ ಜನರಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರಿಗೆ ಯಜಮಾನ ಸೋದರಮಾವ. ಹಾಗಾಗಿ ನನ್ನ ಮಗಳ ಮಗನ ಓದು, ಊಟ, ಅಂಗಿ ಎಲ್ಲವೂ ನನ್ನ ಮಗನ ಕೈಯಲ್ಲಿ. ಅವನಿಗೆ ಬಂದರಿನಲ್ಲಿ ಹಗ್ಗದ ಅಂಗಡಿ, ತಲೆಯಲ್ಲಿ ಮಾತ್ರ ಕೋಳಿ ಅಂಕ, ಹುಂಜಗಳ ಕಾಳಗ. ಎಲ್ಲಿ ಅಂಕ ಇದ್ದರೂ ಅಂಗಡಿಗೆ ಬಾಗಿಲು ಹಾಕಿ, ತನ್ನ ಕೆಂಪು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದ. ಅಕ್ಕನ ಮಗನನ್ನು ಒಂದು ದಿನವಾದರೂ ಹಾಗೆ ಎತ್ತಿಕೊಂಡವನಲ್ಲ.

ಅಂಕದವರಿಗೆ ಒಂದು ಲೆಕ್ಕ ಉಂಟು. ದಿನದ ನಕ್ಷತ್ರ ನೋಡಿ, ಇವತ್ತು ಕೆಂಪು ಹುಂಜ ಗೆಲ್ಲುತ್ತದೆ, ನಾಳೆ ಬಿಳಿ, ನಾಡಿದ್ದು ಕಪ್ಪು ಎನ್ನುತ್ತಾರೆ. ನನ್ನ ಮಗ ಬೆಳಿಗ್ಗೆ ಹಲ್ಲುಜ್ಜುತ್ತಲೇ ಅದನ್ನು ಬಾವಿಕಟ್ಟೆಯಿಂದ ಊರಿಗೆಲ್ಲ ಕೂಗಿ ಹೇಳುವವನು.

ಮೊಮ್ಮಗ ಕ್ಯಾಪ್ಟನ್ ಆದ ವರ್ಷ ಮಳೆ ನಿಂತ ಮೇಲೆ ಪಂದ್ಯಗಳು ಶುರುವಾದವು. ಅವರ ಕಾಲೇಜಿಗೆ ಬಿಳಿ ಬನಿಯನ್ನು. ಮೊದಲ ಪಂದ್ಯದ ಬೆಳಿಗ್ಗೆ ಬಾವಿಕಟ್ಟೆಯಿಂದ ಕೂಗು ಬಂತು.

"ಇವತ್ತು ಬಿಳಿ ಸಾಯ್ತದೆ! ನಿನ್ನ ಬನಿಯನ್ನು ಯಾವ ಬಣ್ಣ ಮಾರಾಯ?"

ಸೋತರು. ಮುಂದಿನ ಪಂದ್ಯಕ್ಕೂ ಅದೇ ಕೂಗು, ಅದರ ಮುಂದಿನದಕ್ಕೂ ಅದೇ. ನಕ್ಷತ್ರ ನೋಡಿ ಹೇಳಿದನೋ ಹುಡುಗನ ಮುಖ ನೋಡಿ ಹೇಳಿದನೋ, ಆ ದೇವರಿಗೇ ಗೊತ್ತು. ಮೂರೂ ಸೋತರು. ಪಕ್ಕದ ಮನೆಯ ಪೆನ್ಶನ್ ಗುಮಾಸ್ತ ಕಂಪೌಂಡಿನ ಮೇಲೆ ಗದ್ದ ಊರಿದ.

"ಅಜ್ಜೀ, ನಿಮ್ಮ ಪುಳ್ಳಿ ಬುಟ್ಟಿಗೆ ಚೆಂಡು ಹಾಕ್ಲಿಕ್ಕೆ ಹೋಗಿ ಗೋಣಿ ತುಂಬಾ ಸೋಲು ತಂದನಂತೆ?"

"ನಿಮ್ಮ ಮಕ್ಕಳು ಒಮ್ಮೆ ಗೇಟು ದಾಟಿ ಆಡ್ಲಿಕ್ಕೆ ಹೋಗ್ಲಿ. ಆಮೇಲೆ ಮೊಮ್ಮಕ್ಕಳ ಸುದ್ದಿ ಮಾತಾಡಿ" ಎಂದು, ಮುಸುರೆ ನೀರನ್ನು ಅವನ ಗೋಡೆಯ ಬುಡಕ್ಕೇ ಚೆಲ್ಲಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಮಗ ತೀರ್ಪು ಕೊಟ್ಟ.

"ಸೋತ ಕೋಳಿಯನ್ನು ಪುನಃ ಅಂಕಕ್ಕೆ ಬಿಡುವ ಕ್ರಮ ಇಲ್ಲ. ಅದು ಸಾರಿಗೆ. ಇವ ಕಪ್ ತರದಿದ್ರೆ ಕಾಲೇಜೂ ಸಾಕು, ಚೆಂಡೂ ಸಾಕು. ನನ್ನ ಅಂಗಡಿಯಲ್ಲಿ ಕೂತು ಹಗ್ಗ ಅಳೀಲಿ."

ಬಡಿಸುತ್ತಿದ್ದ ಮಗಳು ತಲೆ ತಗ್ಗಿಸಿ ಗಂಜಿಯ ಪಾತ್ರೆಗೇ ಕಣ್ಣೀರು ಹಾಕಿದಳು. ಹುಡುಗ ಅರ್ಧಕ್ಕೆ ಎದ್ದ. ನಾನು ಸೌಟು ಕೆಳಗಿಟ್ಟು ಕೇಳಿದೆ.

"ತಂದ್ರೆ?"

"ತಂದ್ರೆ ನೀನು ಹೇಳಿದ ಹಾಗೆ."

"ಹಾಗಾದ್ರೆ ನಿನ್ನ ಕೆಂಪು ಹುಂಜ ನನ್ನ ಮಡಕೆಗೆ."

ಅವನು ಬಿದ್ದು ಬಿದ್ದು ನಕ್ಕ. "ಆಯ್ತಮ್ಮ, ಮಸಾಲೆ ಈಗಲೇ ಅರೆದಿಡು" ಎಂದ.

ನಾಲ್ಕನೆಯ ಪಂದ್ಯದ ಬೆಳಿಗ್ಗೆ ಮಗ ಇನ್ನೂ ಎದ್ದಿರಲಿಲ್ಲ. ಮೊಮ್ಮಗ ಅಡಿಗೆಮನೆಗೆ ಬಂದು ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಅಜ್ಜಿ, ಇವತ್ತು ಬಿಳಿಗೆ ಹೇಗುಂಟು? ಮಾವನನ್ನು ಸ್ವಲ್ಪ ಕೇಳ್ತೀಯಾ?"

"ನಿಂಗೆ ಎಂತಕ್ಕೆ ಅದು?"

"ನಂಗೆ ಮಾತ್ರ ಅಲ್ಲ. ಎಲ್ಲರೂ ಕೇಳ್ತಾರೆ. ಕ್ರಿಸ್ತಾನರ ಹುಡುಗರು ಸಹ, ಕುತ್ತಿಗೆಯ ಶಿಲುಬೆ ಹಿಡ್ಕೊಂಡೇ ಕೇಳ್ತಾರೆ."

ಆಗ ನನಗೆ ಎಲ್ಲ ತಿಳಿಯಿತು. ಇವನು ಕ್ಯಾಪ್ಟನ್, ಬಾವಿಕಟ್ಟೆಯ ಮಾತನ್ನು ಹೊತ್ತುಕೊಂಡು ಹೋಗಿ ಇಡೀ ತಂಡಕ್ಕೆ ಹಂಚುತ್ತಿದ್ದಾನೆ. ಸೀಟಿ ಊದುವ ಮೊದಲೇ ಅವರ ಕೈಕಾಲು ಬಿದ್ದುಹೋಗುತ್ತಿತ್ತು. ಮಗ ಮಲಗಿದ್ದ ಕೋಣೆಯ ಕಡೆ ನೋಡಿ ಹಲ್ಲು ಕಡಿದೆ. ಮೊಮ್ಮಗನಿಗೆ ಹೇಳಿದೆ, "ನಿನ್ನೆಯೇ ಕೇಳಿದ್ದೇನೆ. ಇವತ್ತು ಬಿಳಿಯ ದಿನ."

ಗೆದ್ದು ಬಂದರು! ಅಲ್ಲಿಂದ ನಾನು ಬಿಡಲಿಲ್ಲ. ಪಂದ್ಯದ ದಿನ ಮಗ ಏಳುವ ಮೊದಲೇ ಹುಡುಗನಿಗೆ ಗಂಜಿ ಬಡಿಸಿ, "ಬಿಳಿಯ ದಿನ" ಎಂದು ಹೇಳಿ ಹೊರಗೆ ಅಟ್ಟುತ್ತಿದ್ದೆ. ಆಮೇಲೆ ಬಾವಿಕಟ್ಟೆಯಿಂದ ಕೆಂಪೋ ಕಪ್ಪೋ ಕೂಗು ಬರುತ್ತಿತ್ತು. ಕೂಗು ಮಾರಾಯ ಕೂಗು, ನಿನ್ನ ಗಂಟಲು ಹರಿಯಲಿ ಎಂದುಕೊಂಡು ನಾನು ಪಾತ್ರೆ ತಿಕ್ಕುತ್ತಿದ್ದೆ. ಹುಡುಗರು ಗೆಲ್ಲುತ್ತ ಗೆಲ್ಲುತ್ತ ಫೈನಲಿಗೆ ಬಂದರು. ಗುಮಾಸ್ತ ಕಂಪೌಂಡಿನ ಹತ್ತಿರ ಬರುವುದನ್ನು ಬಿಟ್ಟ.

ಫೈನಲಿನ ದಿನ ನಾನೂ ಮಗಳೂ ಬಿಕರ್ನಕಟ್ಟೆಯ ಮನೆಯಿಂದ ಬಲ್ಮಠದ ಆಟದ ಅಂಗಳದ ತನಕ ನಡೆದೇ ಹೋದೆವು. ಎದುರಾಳಿಗಳು ಮದರಾಸು ಕಡೆಯ ಕಾಲೇಜಿನವರು. ಒಬ್ಬೊಬ್ಬನೂ ತೆಂಗಿನ ಮರದಷ್ಟು ಉದ್ದ, ಮೈಮೇಲೆ ಕೆಂಪು ಬನಿಯನ್ನು. ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು. ಅಷ್ಟರಲ್ಲಿ ಬಂದರಿನ ಗೆಳೆಯರನ್ನು ಕಟ್ಟಿಕೊಂಡು ನನ್ನ ಮಗ ಬಂದ. ಗೆರೆಯ ಹತ್ತಿರವೇ ನಿಂತು ತೊಡೆ ತಟ್ಟಿದ.

"ಇವತ್ತು ಕೆಂಪಿನ ದಿನ! ಬಿಳಿ ಒಂದೂ ಉಳಿಯುವುದಿಲ್ಲ!"

ಹೆತ್ತ ಹೊಟ್ಟೆಗೆ ಕಲ್ಲು ಕಟ್ಟಿಕೊಳ್ಳಬೇಕು ಅನ್ನಿಸಿತು. ಮೊಮ್ಮಗ ತಿರುಗಿ ನನ್ನನ್ನು ನೋಡಿದ. ಚೆಂಡು ಅವನ ಕೈಯಿಂದ ಸೋಪಿನ ಹಾಗೆ ಜಾರಿತು. ಅರ್ಧ ಆಟ ಮುಗಿಯುವಾಗ ಕೆಂಪಿನವರು ಎಲ್ಲೋ ಮುಂದೆ, ಬಂದರಿನವರ ಶಿಳ್ಳೆ ಕಿವಿ ಹರಿಯುವಷ್ಟು.

ನಾನು ಅಂಗಳದ ಸುತ್ತ ಕಟ್ಟಿದ ಹಗ್ಗದ ಅಡಿಯಿಂದ ನುಸುಳಿ ನಮ್ಮ ಹುಡುಗರ ಹತ್ತಿರ ಹೋದೆ. "ಅಮ್ಮಾ, ಒಳಗೆ ಬರ್ಬಾರ್ದು" ಎಂದರು ಅವರ ಮಾಸ್ತರು. ನಿಮ್ಮ ಸೀಟಿ ನೀವು ಊದಿ ಎಂದೆ.

"ಎಂತದು, ಕೋಳಿಗಳಾ ನೀವು? ಪುಕ್ಕ ಉಂಟಾ ನಿಮಗೆ? ನಾನು ಹೇಳಿದ್ದೆಲ್ಲ ಸುಳ್ಳು. ಹೋದ ಸಲ ನೀವು ಗೆದ್ದದ್ದು ಕಪ್ಪಿನ ದಿನ. ಅದಕ್ಕೆ ಮೊದಲು ಕೆಂಪಿನ ದಿನ. ಬಿಳಿಯ ದಿನ ಒಂದೂ ಇರ್ಲಿಲ್ಲ!"

ಶಿಲುಬೆ ಹಾಕಿದ ಹುಡುಗ ಕೇಳಿದ, "ದೇವರಾಣೆ, ಅಜ್ಜಿ?"

"ನಿನ್ನ ದೇವರಾಣೆ, ನನ್ನ ಭೂತದಾಣೆ."

ಮೊದಲು ಅವನೇ ನಕ್ಕದ್ದು. ಆಮೇಲೆ ಎಲ್ಲರೂ. ಮೊಮ್ಮಗ ಕಣ್ಣೊರೆಸಿಕೊಂಡು, "ನೀನು ಭಾರೀ ಜನ ಅಜ್ಜಿ" ಎಂದ.

ಆಮೇಲಿನ ಆಟ! ಚೆಂಡು ಒಬ್ಬನ ಕೈಯಲ್ಲೂ ನಿಲ್ಲಲಿಲ್ಲ. ಮಗ ಬೊಬ್ಬೆ ಹಾಕಿದಷ್ಟೂ ಇವರು ನಗುತ್ತ ಆಡಿದರು. ಎರಡೂ ಕಡೆ ಸಮ ಸಮ ಆಯಿತು. ಕೊನೆಯ ಚೆಂಡು ನನ್ನ ಮೊಮ್ಮಗನದು. ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ ಯೋಚನೆ ಮಾಡಿತು, ಮತ್ತೆ ಒಳಗೆ ಬಿತ್ತು. ನಾನು ಮುಂಡಾಸಿನವರನ್ನೂ ಟೊಪ್ಪಿಯವರನ್ನೂ ತಳ್ಳಿಕೊಂಡು ಓಡಿದೆ. ಹಿಂದಿರುಗಿ ನೋಡಿದರೆ ಮಗನ ಬಾಯಿ ತೆರೆದೇ ಇತ್ತು, ಸ್ವರ ಮಾತ್ರ ಇರಲಿಲ್ಲ.

ಗೆದ್ದ ಕಪ್ಪನ್ನು ಗುಮಾಸ್ತನ ಗೇಟಿನ ಎದುರು ಹಿಂದೆ ಮುಂದೆ ಹಲವು ಸಲ ತಿರುಗಾಡಿಸಿಯೇ ಮನೆಯೊಳಗೆ ತಂದದ್ದು.

ಮಗ ಹಿತ್ತಿಲ ಬಾಗಿಲಿನಿಂದ ಬಂದ, ಕಂಕುಳಲ್ಲಿ ಹುಂಜ.

"ಅಮ್ಮ, ಬೇರೆ ಎರಡು ಕೋಳಿ ತರ್ತೇನೆ. ಇದನ್ನು ಬಿಡು."

"ಇವತ್ತು ಕೆಂಪಿನ ದಿನ ಅಲ್ವಾ? ಮಡಕೆಯಲ್ಲಿ ಗೆಲ್ಲಲಿ."

ಗಂಡಸರ ಊಟ ಮುಗಿಯಲಿ ಎಂದು ಆ ಸಂಜೆ ನಾನೂ ಮಗಳೂ ಕಾಯಲಿಲ್ಲ. ಎಲ್ಲರೂ ಒಟ್ಟಿಗೇ ಚಾಪೆ ಹಾಕಿ ಕೂತೆವು. ರೊಟ್ಟಿ ಮುರಿದು ಮೇಲೆ ಸಾರು ಹೊಯ್ದೆ. ಯಜಮಾನನಿಗೆ ಮೊದಲು ಬಡಿಸುವ ಕ್ರಮವನ್ನು ಮುರಿದು, ಕಾಲಿನ ತುಂಡನ್ನು ಮೊಮ್ಮಗನ ಬಾಳೆಲೆಗೆ ಹಾಕಿದೆ. ಮಗ ನೋಡಿದ, ನಾನೂ ನೋಡಿದೆ. ಅವನು ತಲೆ ತಗ್ಗಿಸಿದ. ಅಂಕದ ಹುಂಜ, ಮಾಂಸ ಚಪ್ಪಲಿಯ ಹಾಗೆ ಗಟ್ಟಿ. ಎಲ್ಲರೂ ದವಡೆ ನೋಯುವ ತನಕ ಅಗಿದೆವು.

"ನಾಳೆ ಕಾಲೇಜಿಗೆ ಎಷ್ಟು ಹೊತ್ತಿಗೆ?" ಎಂದು ಮಗ ಅಳಿಯನನ್ನು ಕೇಳಿದ.

"ದಿನದ ಹಾಗೆ, ಮಾವ."

"ಹ್ಞೂಂ" ಎಂದವನು ಬಾಳೆಲೆಯನ್ನು ನನ್ನ ಕಡೆ ಸರಿಸಿದ. "ಸಾರು ಉಂಟಾ ಅಮ್ಮ?"

ಹೊಯ್ದೆ. ಎರಡು ತುಂಡು ಹೆಚ್ಚೇ ಹಾಕಿದೆ, ತಿನ್ನಲಿ ಎಂದು.